ಜೋಕಾಲಿಯ ಸರಪಳಿ

ದೀಪಾವಳಿ ಪಾಡ್ಯದ ದಿನ ಕಮಲಾಪುರದಲ್ಲಿ ಅಜ್ಜಿಯ ಮನೆಯ ಕಟ್ಟೆಯ ಮೇಲೆಯೇ ಯಾರೋ ಪಟಾಕಿ ಹಚ್ಚಿಬಿಟ್ಟರು. ಹೂರಣ ರುಬ್ಬುತ್ತಿದ್ದ ನನ್ನ ಕೈ ಒರಳಿನಲ್ಲೇ ನಿಂತಿತು. ಪ್ರಹ್ಲಾದ ಮಾಮಾನ ಬಟ್ಟಲಿನ ಚಹಾ ಧೋತರದ ಮೇಲೆ ಚೆಲ್ಲಿತು. ಬೀದಿಯ ನಾಯಿಯೊಂದು ಹೆದರಿ ಪಡಸಾಲೆಗೇ ನುಗ್ಗಿತು. ಅಕ್ಕನ ತೊಡೆಯ ಮೇಲೆ ಮಲಗಿದ್ದ ಹತ್ತು ತಿಂಗಳ ಬಂಡು ಮಾತ್ರ ಮಲಗಿದಂತೆಯೇ ಇದ್ದ. ಅವನ ರೆಪ್ಪೆ ಕೂಡ ಅದುರಲಿಲ್ಲ.

"ಎಂಥಾ ಶಾಂತ ಕೂಸು ನೋಡ್ರಿ," ಅಂದಳು ಅಜ್ಜಿ. "ಅವರಪ್ಪನೂ ಹಿಂಗs ಇದ್ದ."

"ಶಾಂತ ಏನು ಅಜ್ಜಿ, ಮನಿ ಬಿದ್ದಾಂಗ ಸಪ್ಪಳಾತು," ಅಂದಳು ಅಕ್ಕ.

"ಮಲಗಿದ ಕೂಸಿನ ಮ್ಯಾಲ ಕಣ್ಣು ಹಾಕಬ್ಯಾಡ."

ನಮ್ಮ ಮನೆಯ ಸಂಬಂಧ ಹೊರಗಿನವರಿಗೆ ಒಂದೇ ಸಲಕ್ಕೆ ತಿಳಿಯುವುದಿಲ್ಲ. ಪ್ರಹ್ಲಾದ ಮಾಮಾ ನಮ್ಮ ಆಯಿ, ಅಂದರೆ ತಾಯಿ, ಇಂದೂಬಾಯಿಯ ಸ್ವಂತ ತಮ್ಮ, ಊರಿನ ಸಾಲೆಯಲ್ಲಿ ಮಾಸ್ತರ. ನನ್ನ ಅಕ್ಕ ಜಾನಕಿಯನ್ನು ಅವನಿಗೇ ಕೊಟ್ಟಿದ್ದರು. ಹಾಗಾಗಿ ಸಕ್ಕೂಬಾಯಿ ಅಜ್ಜಿ ಅಕ್ಕನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಅಕ್ಕ ಇನ್ನೂ ಗಂಡನಿಗೆ "ಮಾಮಾ" ಅಂತಲೇ ಅನ್ನುತ್ತಿದ್ದಳು. ಅಜ್ಜಿ ತಾನೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಈಗ ಉಳಿದದ್ದು ಕಿರಿಯ ಮಾಮಾ ಜಯತೀರ್ಥ, ಮತ್ತು ನಾನು ಗೋದಾ. ಬರುವ ಮಾಘದಲ್ಲಿ ನಮ್ಮ ಲಗ್ನ ಎಂದು ಅಜ್ಜಿ ಹೇಳಿಯಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಆಯಿ ಮತ್ತು ನಾನು ಕಲಬುರ್ಗಿಯ ಬ್ರಹ್ಮಪುರದಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ಜೋಳ, ತೊಗರಿಬೇಳೆ ಮಾಮಾಂದಿರ ಮನೆಯಿಂದಲೇ ಬರುತ್ತಿತ್ತು. ಬಿ.ಎ. ಮುಗಿಸಿದ್ದರೂ ನನ್ನನ್ನು ಯಾರೂ ಯಾವ ಮಾತೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಊಟಕ್ಕೆ ಕೂತಾಗ ಅಕ್ಕ ಮತ್ತೆ ತೆಗೆದಳು. "ಮಾಮಾ, ಇವನ್ನ ಒಮ್ಮೆ ಕಲಬುರ್ಗಿ ದವಾಖಾನಿಗೆ ತೋರಿಸೋಣು. ಕರದ್ರ ತಿರುಗೂದಿಲ್ಲ."

ಮಾಮಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅಜ್ಜಿಯ ಮುಖ ನೋಡಿದ. ಅಜ್ಜಿ ಬಡಿಸುವುದನ್ನು ಬಿಟ್ಟು ಬಂಡೂನನ್ನು ಎತ್ತಿಕೊಂಡು ಹೋಗಿ ಪಡಸಾಲೆಯ ಜೋಕಾಲಿಯ ಹಲಗೆಯ ಮೇಲೆ ಕೂರಿಸಿದಳು. ಕೈಯಲ್ಲಿದ್ದ ಹಿತ್ತಾಳೆ ಸವಟಿನಿಂದ ಅವನ ಬೆನ್ನ ಹಿಂದಿನ ಸರಪಳಿಗೆ ಟಣ್ ಎಂದು ಬಡಿದಳು. ಬಂಡು ಹೊರಳಿ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಈ ಕಡೆಯ ಸರಪಳಿಗೆ ಬಡಿದಾಗ ಈ ಕಡೆ ತಿರುಗಿದ.

"ಕಿವಿ ಇಲ್ಲದ ಕೂಸು ಹಿಂಗ ತಿರಗತದೇನು? ಹೇಳ್ರಿ ಯಾರರೆ."

ಮಾಮಾ ನಕ್ಕ. ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಜಯತೀರ್ಥ ಮಾಮಾ, "ಅವ್ವನ ಮುಂದ ಯಾವ ಡಾಕ್ಟರ್‌ನೂ ನಡಿಯೂದಿಲ್ಲ," ಅಂದ.

"ದವಾಖಾನಿ ಮಾತು ಮಾಘ ಮುಗಿಯೂತನಕ ತಗೀಬ್ಯಾಡ್ರಿ," ಅಂದಳು ಅಜ್ಜಿ. "ಮದಿವಿ ಮನಿ. ನಾಕು ಮಂದಿ ಬಾಯಾಗ ಬೀಳೂದು ಬ್ಯಾಡ. ಮ್ಯಾಲ ಈ ತಿಂಗಳು ಜಾನಕಿ ಹೊರಗ ಕೂತಿಲ್ಲ. ಒಂದರ ಹಿಂದ ಒಂದು ಶುಭ ಬರಲಿಕತ್ತಾವ."

ಅಕ್ಕ ತಲೆ ಎತ್ತಲಿಲ್ಲ. ಆಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಬೂದಿ ಹತ್ತಿದ ಕೈಯಿಂದಲೇ ನನ್ನ ಮೊಣಕೈ ಹಿಡಿದಳು.

"ಗೋದಾ, ಇವನ ಕಿವಿ ಹ್ಯಾಂಗದ ಅಂತ ನನಗ ಗೊತ್ತಾಗಬೇಕು. ನಿನ್ನ ತಲಿ ಮ್ಯಾಲ ಅಕ್ಕಿಕಾಳು ಬೀಳೂದಕ್ಕಿಂತ ಮೊದಲ."

"ನನಗೂ ಅದಕ್ಕೂ ಏನು?"

"ರಕ್ತದಾಗಿಂದ ಬಂದಿದ್ದರ ನೀ ಈ ಮನಿಗೆ ಬರಬ್ಯಾಡ. ನಾ ಬಂದಾಗ ನನಗ ಹೇಳವರು ಯಾರೂ ಇರಲಿಲ್ಲ."

*

ಲಗ್ನದ ಸೀರೆ ನೋಡುವ ನೆಪ ಹೇಳಿ ಅಕ್ಕ ಬಂಡೂನನ್ನು ಎತ್ತಿಕೊಂಡು ಕಲಬುರ್ಗಿಗೆ ಬಂದಳು. ಆಯಿ ಯಾರದೋ ಮನೆಯ ಮುಂಜಿಗೆ ಚಕ್ಕುಲಿ ಕರಿಯುತ್ತಿದ್ದಳು. ನಿಜ ಸಂಗತಿ ತಿಳಿದ ಕೂಡಲೇ ಒಲೆ ಸಣ್ಣ ಮಾಡಿದಳು.

"ತಮ್ಮಂದಿರಿಗೆ ಗೊತ್ತಾದ್ರ ನನ್ನ ಮಾರಿ ನೋಡೂದಿಲ್ಲ ಜಾನಕಿ."

"ನನ್ನ ಗಂಡಗ ಗೊತ್ತಾಗೂದು ನನ್ನ ಫಿಕರ್. ನೀ ಸುಮ್ನ ಚಕ್ಕುಲಿ ಕರಿ."

"ಮಾತು ಹ್ಯಾಂಗ ಬಂದಾವ ನೋಡು ಬಾಯಾಗ."

"ನಿನ್ನ ಅವ್ವನ ಸೊಸಿ ನಾನು. ಮತ್ತೆಲ್ಲಿಂದ ಬರಬೇಕು?"

ಆಯಿ ಬೈಯುತ್ತಲೇ ನಮ್ಮ ಜೊತೆ ಹೊರಟಳು. ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ಕಿವಿ-ಮೂಗಿನ ಡಾಕ್ಟರರ ದವಾಖಾನೆ. ಡಾಕ್ಟರು ಬಂಡೂನ ಹಿಂದೆ ನಿಂತು ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು. ಅವನು ಮೇಜಿನ ಮೇಲಿದ್ದ ಟಾರ್ಚನ್ನೇ ನೋಡುತ್ತಿದ್ದ.

"ಸಂಬಂಧದಾಗ ಮದಿವಿ ಆಗೇದೇನವಾ?"

"ಹೌದ್ರಿ. ಸೋದರಮಾವ."

"ಸ್ವಂತ?"

"ಸ್ವಂತ," ಅಂದಳು ಅಕ್ಕ. ಆಯಿ ಕಿಟಕಿಯ ಕಡೆ ಮುಖ ಮಾಡಿದಳು.

ಡಾಕ್ಟರು ಬೇರಾ ಎಂಬ ಪರೀಕ್ಷೆ ಮಾಡಿಸಲು ಹೇಳಿದರು. ಆ ಮಷಿನ್ ಹೊಸದಾಗಿ ಬಂದಿತ್ತು, ನಡೆಸುವವರು ವಹಾಬ್ ಎಂಬುವರು. ಮಲಗಿದ ಕೂಸಿನ ಕಿವಿಯನ್ನು ಹೇಗೆ ನೋಡುತ್ತೀರಿ ಎಂದು ಅಕ್ಕ ಕೇಳಿದಳು.

"ಕೂಸು ಮಲಗಿದ್ರೂ ಕಿವಿ ಮಲಗೂದಿಲ್ಲ ಅಮ್ಮಾ," ಅಂದರು ವಹಾಬ್. "ನಾವು ಕಿವ್ಯಾಗ ಟಕ್ ಟಕ್ ಅಂತ ಸಪ್ಪಳ ಬಿಡತೀವಿ. ಅದು ನರದಾಗ ಸಣ್ಣ ಕರೆಂಟ್ ಆಗಿ ಮೆದುಳಿನ ಬುಡಕ್ಕ ಹೋಗತದ. ತಲಿ ಮ್ಯಾಲ ಹಚ್ಚಿದ ಬಿಲ್ಲೆ ಅದನ್ನ ಹಿಡೀತದ, ಮಷಿನ್ ಗೆರಿ ಬರೀತದ. ಹೋಗಿತ್ತಂದ್ರ ಗೆರಿ ಏಳತದ."

"ಹೋಗದಿದ್ರ?"

"ಇನ್ಶಾ ಅಲ್ಲಾ ಹೋಗತದ. ಕೂಸಿನ್ನ ಮುಂಜಾನಿಂದ ಎಚ್ಚರ ಇಟಗೊಂಡು ಬರ್ರಿ. ಇಲ್ಲೇ ಸಿರಪ್ ಕುಡಿಸಿ ಮಲಗಸೋಣು."

ಮರುದಿನ ಹೊರಡುವ ಮೊದಲು ಆಯಿ ಬಂಡೂನ ನೆತ್ತಿಗೆ ಔಡಲೆಣ್ಣೆ ಒತ್ತಿದಳು. ಎಣ್ಣೆ ಒತ್ತದೆ ಕೂಸನ್ನು ಹೊಸ್ತಿಲು ದಾಟಿಸುವ ರೂಢಿ ನಮ್ಮಲ್ಲಿಲ್ಲ. ಅಕ್ಕನ ಕಣ್ಣಿಗೂ ನನ್ನ ಕಣ್ಣಿಗೂ ಅದು ಬೀಳಲೇ ಇಲ್ಲ. ದವಾಖಾನೆಯಲ್ಲಿ ಸಿರಪ್ ಕುಡಿದು ಬಂಡು ಮಲಗಿದ. ವಹಾಬ್ ಅವನ ಹಣೆಗೆ, ಕಿವಿಯ ಹಿಂದೆ ಬಿಲ್ಲೆ ಹಚ್ಚಿದರು. ಹಣೆಯದು ಜಾರಿತು. ಮತ್ತೆ ಹಚ್ಚಿದರೆ ಕಿವಿಯದು ಜಾರಿತು. ಪರದೆಯ ಮೇಲೆ ಗೆರೆ ಹುಚ್ಚೆದ್ದಂತೆ ಕುಣಿಯುತ್ತಿತ್ತು.

"ಇದು ಕೂಸಿನ ಗೆರಿ ಅಲ್ಲರಿ. ಬಿಲ್ಲೆ ಹತ್ತವಲ್ಲದು. ಇಷ್ಟು ಎಣ್ಣಿ ಯಾರು ಹಚ್ಚಿದ್ರು?"

"ನಾನs," ಅಂದಳು ಆಯಿ.

ಸ್ಪಿರಿಟ್ ಹಚ್ಚಿ ತಿಕ್ಕಿದ್ದಕ್ಕೆ ಬಂಡು ಚೀರಿ ಎದ್ದ. ಅದೇ ದಿನ ಮತ್ತೊಮ್ಮೆ ಔಷಧಿ ಕುಡಿಸುವಂತಿರಲಿಲ್ಲ. ಮುಂದಿನ ವಾರ ಬರಲು ಹೇಳಿ, ತಲೆಗೆ ಒಂದು ಹನಿ ಎಣ್ಣೆ ತಾಕಿರಬಾರದು ಎಂದು ಬಾಗಿಲ ತನಕ ಬಂದು ಹೇಳಿದರು.

ಆಯಿ ಬಜಾರದ ಫೋನಿನ ಅಂಗಡಿಯಿಂದ ಕಮಲಾಪುರದ ಸಾಲೆಗೆ ಫೋನ್ ಮಾಡಿದಳು. ತಮ್ಮನ ಹತ್ತಿರ ಬಚ್ಚಿಡುವ ಧೈರ್ಯ ಅವಳಿಗಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. "ಏನೂ ಬರಲಿಲ್ಲ ಪ್ರಹ್ಲಾದ, ಮಷಿನ್ ನಡೀಲಿಲ್ಲ," ಅಂದಳು. ಎಣ್ಣೆಯ ಮಾತು ಹೇಳಲಿಲ್ಲ.

*

ಆ ವಾರ ಮುಗಿಯುವುದರೊಳಗೆ ಅಜ್ಜಿ ಬಸ್ಸಿನಿಂದ ಇಳಿದಳು. ಒಂದು ಕೈಯಲ್ಲಿ ಕೆಂಪು ಬಾಳೆಯ ಗೊನೆ, ಇನ್ನೊಂದರಲ್ಲಿ ಔಡಲೆಣ್ಣೆಯ ಬಾಟಲಿ.

ಮರುದಿನ ಮುಂಜಾನೆ ಎದ್ದವಳೇ ಕಾಲು ಚಾಚಿ ಕೂತು ಬಂಡೂನನ್ನು ಕಾಲ ಮೇಲೆ ಹಾಕಿಕೊಂಡಳು. ಅವನ ನೆತ್ತಿಯ ಮೇಲೆ ಬಾಟಲಿ ಬಗ್ಗಿಸಿದಳು. ಎಣ್ಣೆ ಹಣೆಗಿಳಿದು, ಕಿವಿಯ ಹಿಂದಿನಿಂದ ಕುತ್ತಿಗೆಗೆ ಹರಿಯಿತು.

"ಎಣ್ಣಿ ಹಚ್ಚಬ್ಯಾಡಂತ ದವಾಖಾನ್ಯಾಗ ಹೇಳ್ಯಾರ ಅಜ್ಜಿ."

"ದವಾಖಾನ್ಯಾಂವ ಹಡದಾನೇನು ಇವನ್ನ?"

"ನಾ ಹಡದೀನಲ್ಲ?"

"ನಿನ್ನ ಹಡದಾಕೀನ್ನ ಹಡದಾಕಿ ನಾನು. ನಿನ್ನ ಗಂಡನ್ನ ಹಡದಾಕೀನೂ ನಾನು. ಸುಮ್ನ ಕೂಡು."

ಸಂಜೆಯೂ ಹಚ್ಚಿದಳು. ಅಕ್ಕ ತೊಳೆದರೆ ಮತ್ತೆ ಹಚ್ಚಿದಳು. ನಮ್ಮ ಎರಡು ಖೋಲಿಯಲ್ಲಿ ಚಕ್ಕುಲಿಯ ವಾಸನೆ ಹೋಗಿ ಔಡಲೆಣ್ಣೆಯ ವಾಸನೆ ಕೂತಿತು. ದಿಂಬು, ಸೀರೆಯ ಸೆರಗು, ನನ್ನ ಪುಸ್ತಕಗಳಿಗೂ ಅದೇ ಜಿಡ್ಡು. ಇಲ್ಲಿ ಜೋಕಾಲಿ ಇರಲಿಲ್ಲ. ಅಜ್ಜಿ ಬಂಡೂನ ಹಿಂದೆ ತಾಟು ಬಡಿದಳು, ಅವನು ತಿರುಗಲಿಲ್ಲ. "ಹೊಸಾ ಜಾಗ, ಬೆರಗಾಗ್ಯಾನ," ಅಂದಳು.

ಜಗಳ ಹೊತ್ತಿದ್ದು ರೊಟ್ಟಿ ಬಡಿಯುವ ಹೊತ್ತಿಗೆ. ಅಕ್ಕ ಬಾಟಲಿ ತೆಗೆದುಕೊಂಡು ಮೋರಿಗೆ ಸುರಿಯಲು ಹೋದಳು. ಅಜ್ಜಿ ಅವಳ ಮುಂಗೈ ಹಿಡಿದಳು.

"ಬಿಡು ಅವ್ವಾ," ಅಂದಳು ಆಯಿ ಒಲೆಯ ಮುಂದಿನಿಂದ. "ಭೀಮೂಗೂ ಹಿಂಗs ಎಣ್ಣಿ ಒತ್ತಿದ್ದಿ. ಏನಾತು?"

ಅಜ್ಜಿಯ ಕೈ ಸಡಿಲಾಯಿತು. ಭೀಮು ಎಂಬ ಹೆಸರನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಯಾರು ಅಂವ?" ಅಂದೆ.

"ನನ್ನ ಕೂಸು," ಅಂದಳು ಅಜ್ಜಿ. "ಪ್ರಹ್ಲಾದನ ಹಿಂದಿಂದು. ಜ್ವರ ಬಂದು ಹೋತು."

"ಜ್ವರ ಬಂದಿರಲಿಲ್ಲ," ಅಂದಳು ಆಯಿ. ಅವಳು ನಮ್ಮ ಕಡೆ ತಿರುಗಲಿಲ್ಲ. ರೊಟ್ಟಿ ಬಡಿಯುತ್ತಲೇ ಇದ್ದಳು. "ಮನಿ ಮುಂದಿನ ಹುಮನಾಬಾದ ರಸ್ತೆದಾಗ ನಡಕೋತ ಹೊಂಟಿದ್ದ. ಹಿಂದ ಲಾರಿ ಹಾರ್ನ್ ಹೊಡೀಲಿಕತ್ತಿತ್ತು. ಕಟ್ಟಿ ಮ್ಯಾಲ ನಿಂತು ನಾನೂ ಒದರಿದೆ, ಅವ್ವನೂ ಒದರಿದಳು. ಅಂವ ತಿರುಗಿ ನೋಡಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಯಾರೂ ಅದನ್ನು ಹೊರಳಿಸಲಿಲ್ಲ.

"ಮತ್ತ," ಅಂದಳು ಆಯಿ, "ಬಂಡೂನ ನಾಮಕರಣದಾಗ ಕಿವಿಯೊಳಗ ಕುರ್ ಅಂದು ಹೆಸರು ಹೇಳಿದಾಕಿ ನಾನು. ಅವನ ಸೋದರತ್ತಿನೂ ನಾನs ಅಲ್ಲೇನು? ಹೆಂಗಸೂರು ಎಲ್ಲಾ ಸೇರಿ ನನ್ನ ಬೆನ್ನಿಗೆ ಗುದ್ದಿದ್ರು, ನಾ ಜೋರಾಗಿ ಅಂದೆ. ಯಾವ ಕೂಸಾದ್ರೂ ಬೆಚ್ಚಿ ಅಳತದ. ಇಂವ ತೊಟ್ಟಿಲದ ಗಿಣಿ ನೋಡಕೋತ ಇದ್ದ. ಅವತ್ತs ನನಗ ತಿಳೀತು."

"ಇಷ್ಟೆಲ್ಲಾ ತಿಳಿದಾಕಿ ಜಾನಕೀನ್ನ ಯಾಕ ಕೊಟ್ಟಿ?" ಅಂದಳು ಅಜ್ಜಿ. "ಭೀಮೂನ್ನ ನೋಡಿದ್ದಿಯಲ್ಲ ನೀ?"

"ಕೊಡದಿದ್ರ ಗಂಡನ್ನ ಕಳಕೊಂಡು ಎರಡು ಹೆಣ್ಣು ಕಟಗೊಂಡು ನಾ ಎಲ್ಲಿಗೆ ಹೋಗತಿದ್ದೆ? ನೀನs ಅಲ್ಲೇನು ಅಂದಾಕಿ, ಮನಿ ಹುಡುಗಿ ಮನ್ಯಾಗ ಇರಲಿ ಅಂತ?"

ಅಕ್ಕ ಬಾಟಲಿಯನ್ನು ಸುರಿಯದೆ ಗೂಡಿನಲ್ಲಿಟ್ಟಳು. ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಮುಸುರೆ ಒಯ್ಯಲು ಬಂದವಳು ಬುಟ್ಟಿ ತುಂಬಿದ ರೊಟ್ಟಿ ನೋಡಿ, "ಏನ್ರಿ, ಇವತ್ತ ಮನ್ಯಾಗ ಉಪಾಸ ಏನು?" ಎಂದು ಕೇಳಿದಳು.

*

ಎರಡನೆಯ ಸಲ ಹೋಗುವ ದಿನ ಅಕ್ಕ ಹೊತ್ತು ಹುಟ್ಟುವ ಮೊದಲೇ ನೀರು ಕಾಯಿಸಿದಳು. ಅಜ್ಜಿ ಸ್ನಾನ ಮುಗಿಸಿ ಮಡಿಯುಟ್ಟು ದೇವರ ಮುಂದೆ ಕೂರುವುದನ್ನೇ ಕಾದಳು. ಮಡಿಯಲ್ಲಿದ್ದವಳು ಪೂಜೆ ಮುಗಿಯುವ ತನಕ ಯಾರನ್ನೂ ಮುಟ್ಟುವ ಹಾಗಿಲ್ಲ. ಬಚ್ಚಲಿನಲ್ಲಿ ಅಕ್ಕ ಕಡಲೆಹಿಟ್ಟು, ಸೀಗೆಪುಡಿ ಹಾಕಿ ಬಂಡೂನ ತಲೆ ತಿಕ್ಕಿದಳು, ನಾನು ನೀರು ಹಾಕಿದೆ.

"ಯಾರದು ಬಚ್ಚಲದಾಗ?" ಅಜ್ಜಿ ಕೂಗಿದಳು. "ಇಂದೂ, ಅವನ್ನ ಇಲ್ಲೆ ತಾ. ಹಿಡಿ ಅವರನ್ನ!"

ಆಯಿ ಮಡಿಯಲ್ಲಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ನಾವು ಹತ್ತಿರ ಬಂದಾಗ ಸರಿದು ದಾರಿ ಬಿಟ್ಟಳು. ಒಳ ಖೋಲಿಯ ಹೊಸ್ತಿಲ ತನಕ ಬಂದ ಅಜ್ಜಿ ಒದ್ದೆ ಸೀರೆಯಲ್ಲಿ ಅಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಗಂಟೆಯಿತ್ತು.

ವಹಾಬ್ ಬಂಡೂನ ತಲೆ ಮುಟ್ಟಿ ನೋಡಿ, "ಈಗ ಬರೋಬರಿ," ಅಂದರು. ಬಂಡು ಮಲಗಿದ. ಬಿಲ್ಲೆಗಳು ಕಚ್ಚಿಕೊಂಡವು. ಖೋಲಿಯ ದೀಪ ಆರಿಸಿದರು. ಮೊದಲು ಸಪ್ಪಳ ನಮಗೆ ಕೇಳಿಸಲಿಲ್ಲ. ವಹಾಬ್ ಗುಂಡಿ ತಿರುಗಿಸಿದ ಹಾಗೆಲ್ಲ ಅವನ ಕಿವಿಗೆ ಹಾಕಿದ ಹೆಡ್‌ಫೋನಿನಿಂದ ಹೊರಗೆ ಸೋರತೊಡಗಿತು. ಟಕ್ ಟಕ್ ಟಕ್ ಟಕ್. ನಾವು ಗೋಡೆಗೆ ಕೂತಲ್ಲಿಗೂ ಕೇಳುವಷ್ಟಾಯಿತು. ಪರದೆಯ ಮೇಲಿನ ಗೆರೆ ಕುಣಿಯಲಿಲ್ಲ. ಗಾಳಿಯಿಲ್ಲದ ಬಾವಿಯ ನೀರಿನಂತೆ ಬಿದ್ದಿತ್ತು. ವಹಾಬ್ ಹೆಡ್‌ಫೋನ್ ತೆಗೆದು ತಮ್ಮ ಕಿವಿಗಿಟ್ಟು, ಸಪ್ಪಳ ಬರುತ್ತಿದೆಯೇ ಎಂದು ನೋಡಿದರು. ಮತ್ತೆ ಕೂಸಿಗೆ ಹಾಕಿದರು. ಇನ್ನೊಂದು ಕಿವಿಯನ್ನೂ ನೋಡಿದರು. ಆಮೇಲೆ ಕಾಗದ ಕೊಟ್ಟು ನಮ್ಮನ್ನು ಡಾಕ್ಟರರ ಹತ್ತಿರ ಕಳಿಸಿದರು.

"ಎರಡೂ ಕಿವಿ ಕೇಳೂದಿಲ್ಲವ್ವಾ," ಅಂದರು ಡಾಕ್ಟರು. "ಎಲ್ಲಾಕಿಂತ ಜೋರ ಸಪ್ಪಳಕ್ಕೂ ಗೆರಿ ಎದ್ದಿಲ್ಲ. ಕಿವಿಗೆ ಮಷಿನ್ ಹಾಕಿಸ್ರಿ, ಮಾತು ಕಲಿಸೂ ದೊಡ್ಡ ಜಾಗಕ್ಕ ಬರದು ಕೊಡತೀನಿ. ತಡಾ ಮಾಡಿದಷ್ಟೂ ಮಾತು ದೂರ ಹೋಗತದ."

"ಮುಂದ ಹುಟ್ಟೂ ಕೂಸಿಗೆ?" ಅಂದಳು ಅಕ್ಕ.

"ಬರಲಿಕ್ಕಿಲ್ಲ. ಬರಲೂಬಹುದು. ನಿಮ್ಮ ಮನ್ಯಾಗ ಮೊದಲ ಯಾರಿಗರೆ ಇತ್ತೇನು?"

ಅಕ್ಕ ಹೌದೆಂದು ತಲೆಯಾಡಿಸಿದಳು. ಡಾಕ್ಟರು ನನ್ನ ಕಡೆ ನೋಡಿದರು. "ತಂಗೀದು ಲಗ್ನ ಆಗೇದೇನು?"

"ಇಲ್ಲರಿ," ಅಂದಳು ಅಕ್ಕ. "ಆಗೂದೂ ಇಲ್ಲ."

*

ಶನಿವಾರ ಪ್ರಹ್ಲಾದ ಮಾಮಾ ಬಂದ. ಅಜ್ಜಿ ಅವನಿಗೆ ಮೊದಲು ಅವಲಕ್ಕಿ ಕೊಟ್ಟಳು, ಆಮೇಲೆ ಸುದ್ದಿ ಕೊಟ್ಟಳು. ಅವನು ದವಾಖಾನೆಯ ಕಾಗದವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಹೋದ ಸಲ ಮಷಿನ್ ನಡೀಲಿಲ್ಲ ಅಂತ ಅಕ್ಕನs ಹೇಳ್ಯಾಳ," ಅಂದ. "ಈ ಸಲಾನೂ ಏನೂ ಬಂದಿಲ್ಲ. ಅಂದಮ್ಯಾಲ ಮಷಿನ್ ಕೆಟ್ಟದ."

"ಹೋದ ಸಲ ಕೆಡಿಸಿದ್ದು ಎಣ್ಣಿ, ಮಾಮಾ. ಆಯಿ, ಹೇಳು."

ಆಯಿ ಹೇಳಿದಳು. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಜೋಕಾಲಿ ಮ್ಯಾಲ ತಿರಗತಾನಲ್ಲ? ಅದನ್ನ ನಾ ಕಣ್ಣಾರೆ ನೋಡೀನಿ. ಕಾಗದದಾಗ ಬರದಿದ್ದಕ್ಕ ನನ್ನ ಮಗನ್ನ ಕಿವುಡ ಅನ್ನಲೇನು?"

"ಅದಕs ಹೇಳತೀನಿ," ಅಂದಳು ಅಜ್ಜಿ. "ಮಾಘದ ತನಕ ಕಾಯೂದು ಬ್ಯಾಡ. ಈ ಹುಣ್ಣಿವಿಗೆ ನಿಶ್ಚಯ ಮುಗಿಸಿ, ಹತ್ತಿರದ ಮುಹೂರ್ತ ಹಿಡೀರಿ. ಮಂದಿ ಬಾಯಿ ತಗಿಯೂದರಾಗ ಅಕ್ಕಿಕಾಳು ಬಿದ್ದಿರಬೇಕು."

ಜಯತೀರ್ಥ ಮಾಮಾ ನನ್ನ ಹತ್ತಿರ ಒಮ್ಮೆ ಮಾತಾಡಿದ, ನಳದ ಹತ್ತಿರ, ನಾನು ಕೊಡ ತುಂಬುತ್ತಿದ್ದಾಗ. "ನನಗೂ ಮನಸ್ಸಿಗೆ ಹತ್ತವಲ್ಲದು ಗೋದಾ. ಆದ್ರ ಅವ್ವನ ಮಾತು ಮೀರಿ ನಾ ಏನು ಮಾಡ್ಲಿ? ನೀನರೆ ಏನರೆ ಅನ್ನು." ಕೊಡ ತುಂಬಿ ನೀರು ಚೆಲ್ಲುತ್ತಿತ್ತು.

ನಿಶ್ಚಯದ ಹಿಂದಿನ ದಿನ ನಾವೆಲ್ಲ ಕಮಲಾಪುರಕ್ಕೆ ಹೋದೆವು. ಕಸಮುಸುರೆಯ ಶೇವಂತಾ ಹುಣಸೆಹಣ್ಣು ಹಚ್ಚಿ ಜೋಕಾಲಿಯ ಸರಪಳಿ ತಿಕ್ಕುತ್ತಿದ್ದಳು. ಹೂ ಕಟ್ಟುತ್ತ ನಾನು ಹಲಗೆಯ ಮೇಲೆ ಕೂತಿದ್ದೆ. ಅವಳ ಕೈಯ ತಂಬಿಗೆ ಸರಪಳಿಗೆ ತಾಗಿತು. ಹಲಗೆಗೆ ಊರಿದ್ದ ನನ್ನ ಅಂಗೈ ಜುಮ್ ಎಂದಿತು. ತೊಡೆಗೂ ಜುಮ್ ಎಂದಿತು, ಆ ಸರಪಳಿ ಇದ್ದ ಕಡೆಗೆ ಹೆಚ್ಚು.

"ಶೇವಂತಾ, ಮತ್ತೊಮ್ಮೆ ಬಡಿ."

"ಯಾಕ್ರೀ ಸಣ್ಣ ಬಾಯೀ, ಲಗ್ನದ ಹುಚ್ಚು ಹಿಡೀತೇನು?" ಎಂದು ನಗುತ್ತ ಬಡಿದಳು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಯಾವ ಸರಪಳಿಗೆ ಬಡಿದಳೆಂದು ಹಲಗೆಯೇ ಹೇಳುತ್ತಿತ್ತು.

ಅಕ್ಕನಿಗೆ ಹೇಳಿದೆ. ಅವಳು, "ಬಾಯಿಲೆ ಹೇಳಿದ್ರ ನಂಬತಾರೇನು?" ಅಂದಳು.

ಹುಣ್ಣಿಮೆಯ ಮುಂಜಾನೆ ಪಡಸಾಲೆ ತುಂಬ ಬೀಗರು, ಬಳಗ. ಆಚಾರ್ಯರು ತಟ್ಟೆಯಲ್ಲಿ ಅಕ್ಷತೆ ಕಲಸಿಟ್ಟುಕೊಂಡು ಕೂತಿದ್ದರು. ಯಾರೋ ಹೆಂಗಸು ಬಂಡೂನ ಗಲ್ಲ ಹಿಂಡಿ, "ಇವನ್ನ ಕಲಬುರ್ಗಿ ದವಾಖಾನಿಗೆ ಒಯ್ದಿದ್ರಂತ? ಕಿವಿ ಅಂತ ಏನೋ ಕೇಳಿದೆ," ಅಂದಳು.

ಅಜ್ಜಿ ನಕ್ಕಳು. ಅಡುಗೆಮನೆಯಿಂದ ಸವಟು ತರಿಸಿದಳು. ಬಂಡೂನನ್ನು ಹಲಗೆಯ ಮೇಲೆ ಕೂರಿಸಿ ಹಿಂದಿನ ಸರಪಳಿಗೆ ಬಡಿದಳು. ಅವನು ತಿರುಗಿ ನಕ್ಕ. ಹೆಂಗಸರೂ ನಕ್ಕರು. ಪ್ರಹ್ಲಾದ ಮಾಮಾನ ಮುಖ ಅರಳಿತು. "ಹೂಂ ಆಚಾರ್ಯರ, ನಡೀಲಿ," ಅಂದಳು ಅಜ್ಜಿ.

ನಾನು ಮಣೆಯಿಂದ ಎದ್ದೆ. ಬಂಡೂನನ್ನು ಹಲಗೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡು, ಅವನ ಮುಖ ಗೋಡೆಯ ಕಡೆಗೆ ಬರುವ ಹಾಗೆ ನಿಂತೆ.

"ಈಗ ಬಡಿ ಅಜ್ಜಿ," ಅಂದೆ.

"ಏ ಹುಚ್ಚಿ, ಕೂಡು ಮಣಿ ಮ್ಯಾಲ."

"ಬಡಿ ಅವ್ವಾ," ಎಂದ ದನಿ ಜಯತೀರ್ಥ ಮಾಮಾನದಲ್ಲ, ಪ್ರಹ್ಲಾದ ಮಾಮಾನದೂ ಅಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಆಯಿಯದು.

ಅಜ್ಜಿ ಬಡಿದಳು. ಪಡಸಾಲೆಯಲ್ಲಿದ್ದವರೆಲ್ಲ ಸರಪಳಿಯ ಕಡೆ ನೋಡಿದರು. ಬಂಡು ನನ್ನ ಹೆರಳಿನ ಅಬ್ಬಲಿಗೆ ಹೂ ಕೀಳುತ್ತಿದ್ದ. ಅಜ್ಜಿ ಇನ್ನೂ ಜೋರಾಗಿ ಬಡಿದಳು. ಅವನು ಇನ್ನೊಂದು ಹೂ ಕಿತ್ತ. ಪ್ರಹ್ಲಾದ ಮಾಮಾ ಕೂತಲ್ಲಿಂದ ಎದ್ದು, "ಬಂಡೂ," ಅಂದ. ಮತ್ತೆ, "ಬಂಡೂ!" ಎಂದು ಒದರಿದ. ಆಚಾರ್ಯರು ಮುಷ್ಟಿಯಲ್ಲಿ ಹಿಡಿದಿದ್ದ ಅಕ್ಷತೆಯನ್ನು ಸಪ್ಪಳವಾಗದಂತೆ ತಟ್ಟೆಗೆ ಸುರಿದರು.

ಅಜ್ಜಿ ಬಡಿಯುತ್ತಲೇ ಇದ್ದಳು. ಸವಟಿನ ಹಿಡಿ ಬಾಗಿತ್ತು. ಅವಳನ್ನು ಹಿಡಿಯಲು ಯಾರೂ ಏಳಲಿಲ್ಲ. ಕಂಬಕ್ಕೆ ಒರಗಿ ನಿಂತ ಅಕ್ಕ ಬಂಡೂನನ್ನು ನೋಡುತ್ತಿರಲಿಲ್ಲ. ಸೆರಗಿನೊಳಗೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಒಂದೊಂದು ಏಟಿಗೂ ಅಲ್ಲಿ ಏನಾದರೂ ಅಲುಗುತ್ತದೆಯೋ ಎಂಬಂತೆ ತಲೆ ಬಗ್ಗಿಸಿ ಕಾಯುತ್ತಿದ್ದಳು.